ಮೂರು ಸೀರೆ, ಒಂದು ಮೂಲೆ ಮಳಿಗೆ

ನಮ್ಮ ಯಜಮಾನರಿಗೆ ಕಾಂಪ್ಲೆಕ್ಸ್ ಕಟ್ಟುವ ಹುಚ್ಚು ಹಿಡಿದದ್ದು ತೊಂಬತ್ತರ ದಶಕದ ನಡುವೆ. ಹುಚ್ಚು ಅನ್ನುವ ಮಾತನ್ನು ಆಗಲೂ ಹೇಳಿದ್ದೆ, ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಕಾಲಕ್ಕೆ ಕೆ.ಆರ್. ಪೇಟೆಯಲ್ಲಿ ನಾಲ್ಕು ಮಳಿಗೆ ಸಾಲಾಗಿ ಕಟ್ಟಿ, ಮೇಲೊಂದು ಮೋಲ್ಡು ಹಾಕಿ, ಮುಂದೆ ರೋಲಿಂಗ್ ಶಟರ್ ಇಳಿಬಿಟ್ಟರೆ ಅದಕ್ಕೆ ಕಾಂಪ್ಲೆಕ್ಸ್ ಅನ್ನುತ್ತಿದ್ದರು. ಕಟ್ಟಿಸಿದವನು ಮಾರನೇ ದಿನದಿಂದ ಪಂಚೆ ಬಿಟ್ಟು ಪ್ಯಾಂಟಿಗೆ ಬರುತ್ತಿದ್ದ. ನಮ್ಮವರು ಮೊದಲಿಂದಲೂ ಪ್ಯಾಂಟಿನವರೇ. ಬಾಡಿಗೆ ಮಳಿಗೆಯೊಂದರಲ್ಲಿ ಗೊಬ್ಬರ, ಬಿತ್ತನೆ ಬೀಜ, ಹುಳದ ಔಷಧಿ ಮಾರುತ್ತಿದ್ದರು. ತಿಂಗಳ ಮೊದಲ ವಾರ ಬಾಡಿಗೆ ಕೊಟ್ಟು ಬಂದ ದಿನ ಅವರ ಮುಖ ನೋಡುವ ಹಾಗಿರುತ್ತಿರಲಿಲ್ಲ. ಒಂದು ದಿನವಾದರೂ ಬಾಡಿಗೆ ಈಸಿಕೊಳ್ಳುವ ಕುರ್ಚಿಯಲ್ಲಿ ಕೂರಬೇಕು ಅನ್ನುವುದು ಅವರ ಆಸೆಯಾಗಿತ್ತು.

ಜಾಗವೇನೋ ಇತ್ತು. ಬಸ್ ಸ್ಟ್ಯಾಂಡಿನ ಎದುರು, ಸಂತೆ ರಸ್ತೆ ಬಂದು ಸೇರುವ ಕಡೆ, ನಮ್ಮ ಮಾವನವರು ಆಲೆಮನೆ ನಡೆಸಿ ಬೆಲ್ಲ ಮಾರಿದ ದುಡ್ಡಲ್ಲಿ ತಮ್ಮ ಹೆಸರಿಗೆ ಕೊಂಡಿದ್ದ ಸೈಟು. ಅವರು ಉಯಿಲು ಗಿಯಿಲು ಏನೂ ಬರೆಯದೆ ತೀರಿಕೊಂಡರು, ಅತ್ತೆಯೂ ಹಿಂದೆಯೇ ಹೋದರು. ಸೈಟಿಗೆ ಒಂದು ಪಾಳು ಕಾಂಪೌಂಡು ಬಿಟ್ಟರೆ ಏನೂ ಇರಲಿಲ್ಲ.

ಬ್ಯಾಂಕಿನ ಮ್ಯಾನೇಜರು ಕರಾವಳಿ ಕಡೆಯವರು. ಪುಸ್ತಕದ ಹಾಗೆ ಮಾತಾಡುತ್ತಿದ್ದರು, ಕೊನೆಗೊಂದು ಮಾರಾಯ್ರೆ ಸೇರಿಸುತ್ತಿದ್ದರು. ಕಾಂಪ್ಲೆಕ್ಸಿಗೆ ಸಾಲ ಬೇಕಾದರೆ ಒಂದು ಪ್ರಾಜೆಕ್ಟ್ ರಿಪೋರ್ಟ್ ಬರೆದು ತನ್ನಿ, ಆ ಜಾಗದಲ್ಲಿ ಜನಸಂಚಾರ ಎಷ್ಟಿದೆ ಅಂತ ತೋರಿಸಿ ಎಂದರು. ನಾನು ಪ್ರೈಮರಿ ಶಾಲೆ ಮೇಷ್ಟ್ರಮ್ಮ. ನನ್ನ ಶಾಲೆ ಮಕ್ಕಳ ಗೆರೆ ಹಾಳೆಯ ನೋಟ್‌ಬುಕ್ ಒಂದನ್ನು ಎತ್ತಿಕೊಂಡು ಹೋದ ಇವರು ಮೂರು ದಿನ ಎದುರಿನ ಹೋಟೆಲಿನಲ್ಲಿ ಕೂತು, ಬಸ್ಸಿಳಿದವರಲ್ಲಿ ಎಷ್ಟು ಮಂದಿ ನಮ್ಮ ಸೈಟಿನ ಕಡೆ ತಿರುಗುತ್ತಾರೆ ಅಂತ ಗೀಟು ಹಾಕಿದರು. ಅರ್ಧಕ್ಕರ್ಧ ಜನ ನೇರ ನಮ್ಮ ಸೈಟಿಗೇ ಬರ್ತಾರೆ ಕಣೆ ಅಂತ ಮನೆಗೆ ಬಂದು ಕುಣಿದರು. ಬಸ್ಸಿಳಿದ ಗಂಡಸರು ಪಾಳು ಕಾಂಪೌಂಡಿನ ಕಡೆಗೆ ಅವಸರವಾಗಿ ಯಾಕೆ ಹೋಗುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಯಿತು. ಆದರೂ ಬಿಡದೆ, ಸದರಿ ನಿವೇಶನಕ್ಕೆ ಸಾರ್ವಜನಿಕರು ದಿನನಿತ್ಯ ಹೇರಳವಾಗಿ ಭೇಟಿ ನೀಡುತ್ತಾರೆ ಎಂದು ರಿಪೋರ್ಟಿನಲ್ಲಿ ಬರೆದೇಬಿಟ್ಟರು. ಸ್ಥಳ ನೋಡಲು ಬಂದ ಮ್ಯಾನೇಜರು ಕರವಸ್ತ್ರವನ್ನು ಮೂಗಿನಿಂದ ತೆಗೆಯದೆ, ಭೇಟಿ ನೀಡುವುದು ಗೊತ್ತಾಯಿತು ಮಾರಾಯ್ರೆ ಎಂದರಂತೆ. ಆದರೂ ಮನುಷ್ಯ ಒಳ್ಳೆಯವರು. ಜಾಗ ಚೆನ್ನಾಗಿದೆ ಅಂತ ಒಪ್ಪಿಕೊಂಡರು.

ಒಪ್ಪಿಕೊಂಡು ಮೂರು ಮಾತು ಹೇಳಿದರು. ಖರ್ಚಿನಲ್ಲಿ ಒಂದು ಪಾಲು ನೀವೇ ಹಾಕಬೇಕು. ಸರ್ಕಾರಿ ಸಂಬಳದವರು ಒಬ್ಬರು ಜಾಮೀನಿಗೆ ಸಹಿ ಹಾಕಬೇಕು, ಅಂದರೆ ನಾನು. ಮತ್ತೆ ಜಾಗದ ಪತ್ರಗಳನ್ನು ಬ್ಯಾಂಕಿನ ವಕೀಲರು ನೋಡಿ ಸರಿ ಅನ್ನಬೇಕು. ಇಷ್ಟಾದರೆ ಪಾಯಕ್ಕೆ ಒಂದು ಕಂತು, ಲಿಂಟಲ್‌ಗೆ ಒಂದು, ಮೋಲ್ಡಿಗೆ ಒಂದು ಅಂತ ಹಣ ಬಿಡುಗಡೆ. ಮೂರನೆಯ ಮಾತನ್ನು ಇವರು ಕಿವಿಗೇ ಹಾಕಿಕೊಳ್ಳಲಿಲ್ಲ. ಅಪ್ಪನ ಜಾಗ, ಒಬ್ಬನೇ ಗಂಡುಮಗ, ಇನ್ನೇನು ನೋಡೋದು ಅನ್ನುವ ಧೈರ್ಯ.

ಮೊದಲನೆಯದಕ್ಕೆ ನಮ್ಮ ಕಡೆ ಒಂದು ದಾರಿಯಿದೆ. ಮಳಿಗೆ ಕಟ್ಟುವುದಕ್ಕೆ ಮುಂಚೆಯೇ ಬಾಡಿಗೆಗೆ ಬರುವವರ ಹತ್ತಿರ ಅಡ್ವಾನ್ಸ್ ಈಸಿಕೊಳ್ಳುವುದು, ಆ ದುಡ್ಡಲ್ಲೇ ಮಳಿಗೆ ಕಟ್ಟುವುದು. ಎಮ್ಮೆ ನೀರಲ್ಲಿರುವಾಗಲೇ ವ್ಯಾಪಾರ. ಇವರು ಸೈಟಿನ ಮೇಲೆ ಸುಣ್ಣದ ಪುಡಿಯಲ್ಲಿ ಹನ್ನೊಂದು ಮಳಿಗೆಗೆ ಹನ್ನೊಂದು ಮನೆ ಎಳೆದರು. ಅಡ್ವಾನ್ಸ್ ಕೊಡಲು ಬಂದವರನ್ನು ಗೆರೆಯೊಳಗೆ ನಿಲ್ಲಿಸಿ, ಇಲ್ಲಿ ನಿಮ್ಮ ಗಲ್ಲಾಪೆಟ್ಟಿಗೆ, ಇಲ್ಲಿ ದೇವರ ಫೋಟೋ ಎಂದು ತೋರಿಸುತ್ತಿದ್ದರು. ಬಂದವರು ಚಪ್ಪಲಿ ಬಿಟ್ಟು ಗೆರೆಯೊಳಗೆ ಕಾಲಿಡುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ.

ಒಂದು ದಿನ ಬೇಕರಿಯವರು ಮಗನನ್ನು ಶಾಲೆಗೆ ಬಿಡಲು ಬಂದವರು, ಟೀಚರೇ, ಮೂಲೆ ಮಳಿಗೆ ನಮಗೇ ಅಂತ ಹೇಳಿದ್ದಾರೆ, ನಿಮ್ಮ ಉಪಕಾರ ಮರೆಯೋಲ್ಲ ಎಂದು ಕೈಮುಗಿದು ಹೋದರು. ಎರಡು ರಸ್ತೆಗೂ ಮುಖವಿರುವ ಮೂಲೆ ಮಳಿಗೆ ಅಂದರೆ ವ್ಯಾಪಾರ ಎರಡರಷ್ಟು, ಇದು ಎಲ್ಲರಿಗೂ ಗೊತ್ತು. ಒಳ್ಳೆಯದಾಯಿತು ಅಂದುಕೊಂಡೆ. ಎರಡು ದಿನ ಬಿಟ್ಟು ಮೆಡಿಕಲ್ ಸ್ಟೋರಿನವರ ಹೆಂಡತಿ ಬಂದು ಅದೇ ಮೂಲೆಗೆ ನನಗೆ ಥ್ಯಾಂಕ್ಸ್ ಹೇಳಿದರು. ಆ ವಾರ ಮುಗಿಯುವುದರೊಳಗೆ ಪಾತ್ರೆ ಅಂಗಡಿಯವರು, ಚಪ್ಪಲಿ ಅಂಗಡಿಯವರು, ಕ್ಯಾಸೆಟ್ ಅಂಗಡಿಯ ಹುಡುಗ, ಹೀಗೆ ಒಂದೇ ಮೂಲೆಗೆ ಐದು ಜನ ಒಡೆಯರಾಗಿದ್ದರು. ಮನೆಗೆ ಬಂದು ಕೇಳಿದರೆ ಇವರು ತಲೆ ತಗ್ಗಿಸಲೂ ಇಲ್ಲ. ಬಿಲ್ಡಿಂಗಿಗೆ ನಾಲ್ಕು ಮೂಲೆ ಇರ್ತವೆ ಕಣೆ ಎಂದರು. ಅದರಲ್ಲಿ ಎರಡು ಹಿಂದಿನ ಚರಂಡಿಗೆ, ಒಂದು ಪಕ್ಕದ ಮನೆಯ ಗೋಡೆಗೆ ಮುಖ ಮಾಡಿವೆಯಲ್ಲ ಅಂದೆ. ಅಡ್ವಾನ್ಸ್ ಕೊಡಲು ಬಂದವನು ಮೂಲೆ ಕೇಳಿದಾಗ ಇಲ್ಲ ಅಂದರೆ ದುಡ್ಡು ವಾಪಸ್ ಜೇಬಿಗೆ ಹೋಗುತ್ತೆ, ನೀನು ವ್ಯಾಪಾರ ಮಾಡಿದವಳಲ್ಲ, ನಿನಗೆ ಗೊತ್ತಾಗೋಲ್ಲ ಎಂದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಮಾತಾಗಿತ್ತು. ಒಳ್ಳೆ ಮುಹೂರ್ತ ತಪ್ಪಿಹೋಗುತ್ತೆ ಅಂತ ಸಾಲ ಬರುವ ಮುಂಚೆಯೇ ಭೂಮಿಪೂಜೆ ಮಾಡಿಸಿ, ಅಡ್ವಾನ್ಸ್ ದುಡ್ಡಲ್ಲಿ ಕಬ್ಬಿಣ ಸಿಮೆಂಟು ತಂದು ಪಿಲ್ಲರ್ ಎಬ್ಬಿಸಿಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ. ಪಿಲ್ಲರುಗಳು ಆಳೆತ್ತರ ಬಂದು, ತಲೆಯ ಮೇಲೆ ಕಂಬಿಗಳು ನಿಮಿರಿ ನಿಂತಾಗ ಬ್ಯಾಂಕಿನ ವಕೀಲರ ಅಭಿಪ್ರಾಯ ಬಂತು. ಜಾಗ ಮಾವನವರ ಸ್ವಂತ ಸಂಪಾದನೆ, ಉಯಿಲಿಲ್ಲ, ಆದ್ದರಿಂದ ಮೂರು ಜನ ಹೆಣ್ಣುಮಕ್ಕಳಿಗೂ ಮಗನಷ್ಟೇ ಪಾಲು. ಮೂವರೂ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಸಾಲ, ಇಲ್ಲದಿದ್ದರೆ ಇಲ್ಲ. ಸಾಲ ಬರದಿದ್ದರೆ ಅಡ್ವಾನ್ಸ್ ವಾಪಸ್ ಕೊಡಬೇಕು. ಆ ದುಡ್ಡು ಕಂಬಿಯಾಗಿ ಬಸ್ ಸ್ಟ್ಯಾಂಡ್ ಎದುರು ನಿಂತಿತ್ತು. ಉಳಿದದ್ದು ನನ್ನ ಸಂಬಳ ಒಂದೇ.

ಇವರಿಗೆ ಮಾತ್ರ ಒಂದಿಷ್ಟೂ ಗಾಬರಿಯಿಲ್ಲ. ಮೂರು ಸೀರೆ ತಂದು ಕೊಟ್ಟರೆ ಮುಗೀತು ಎಂದರು. ಅಕ್ಕತಂಗಿಯರಿಗೆ ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ಅಷ್ಟು ಸುಲಭ ಅಂದುಕೊಂಡಿದ್ದೀರಾ ಎಂದು ಕೇಳಿದೆ. ಯಾಕೆ, ನೀನು ಹಾಕಲಿಲ್ವಾ ಎಂದರು.

ಹೌದು, ಹಾಕಿದ್ದೆ. ನನ್ನ ತವರು ಸಿಂಧಘಟ್ಟ. ನಮ್ಮಣ್ಣ ಟ್ರಾಕ್ಟರಿಗೆ ಸಾಲ ತೆಗೆಯುವಾಗ ಕೆರೆ ಕೆಳಗಿನ ಗದ್ದೆಗೆ ನನ್ನ ಸಹಿ ಬೇಕಾಗಿತ್ತು. ಗಿಳಿಹಸಿರು ಬಣ್ಣದ, ಕೆಂಪಂಚಿನ ಸೀರೆ ತಂದ. ಕೊಟ್ಟ ಕಾಫಿ ಆರುವ ಮುಂಚೆ ಎಲ್ಲಿ ಅಣ್ಣ ಹಾಕಬೇಕು ಅಂತ ನಾನೇ ಕೇಳಿದ್ದೆ. ಮಕ್ಕಳಿಗೆ ಓದದೆ ಯಾವುದಕ್ಕೂ ಸಹಿ ಹಾಕಬೇಡಿ ಅಂತ ಪಾಠ ಹೇಳುವವಳು ನಾನು. ಸೀರೆ ಆರಿಸಲು ಇವರ ಜೊತೆಗೆ ಹೋದೆ.

ಮೂವರಲ್ಲಿ ಹೋಲಿಕೆ ಬರಬಾರದು ಅಂತ ಇವರು ಒಂದೇ ಬಣ್ಣದ, ಒಂದೇ ಅಂಚಿನ ಮೂರು ಸೀರೆ ತೆಗೆಸಿದರು. ನೇರಳೆ ಮೈ, ಹಳದಿ ಅಂಚು. ಮೂರು ಒಟ್ಟಿಗೆ ತೆಗೆದದ್ದಕ್ಕೆ ಅಂಗಡಿಯವನು ಒಂದು ಟವೆಲ್ ಬಿಟ್ಟಿ ಕೊಟ್ಟ. ಅದನ್ನು ಇವರು ಹೆಗಲ ಮೇಲೆ ಹಾಕಿಕೊಂಡೇ, ನನ್ನನ್ನೂ ಕರೆದುಕೊಂಡು ಊರೂರು ಸುತ್ತಲು ಹೊರಟರು.

ಮೊದಲು ಶ್ರೀರಂಗಪಟ್ಟಣದ ದೊಡ್ಡ ನಾದಿನಿಯ ಮನೆ. ಇವರಿಗಿಂತ ಹತ್ತು ವರ್ಷ ದೊಡ್ಡವರು, ಇವರನ್ನು ಸೊಂಟದ ಮೇಲೆ ಎತ್ತಿ ಬೆಳೆಸಿದವರು. ನಾನು ಅಕ್ಕ ಅನ್ನುತ್ತೇನೆ. ಸೀರೆಯನ್ನು ಕಣ್ಣಿಗೊತ್ತಿಕೊಂಡರು, ಅವರೆಕಾಳು ಸಾರು ಬಡಿಸಿದರು, ಆಮೇಲೆ ಒಂದೇ ಮಾತು ಕೇಳಿದರು.

“ಎಲ್ಲಿಗ್ಲಾ ಬಂದು ಎಬ್ಬೆಟ್ಟು ಒತ್ಬೇಕು? ಬಸ್ ಚಾರ್ಜು ನೀನೇ ಕೊಡ್ಬೇಕು, ನಿಮ್ ಭಾವನ್ನ ಕೇಳಕಾಗಲ್ಲ.”

ಎರಡನೆಯದು ಪಾಂಡವಪುರ. ಆ ನಾದಿನಿ ಬಾಯಿ ಬಿಡುವ ಮುಂಚೆ ಅವಳ ಗಂಡ ಕನ್ನಡಕ ಹಾಕಿಕೊಂಡಿದ್ದರು. ಸಕ್ಕರೆ ಫ್ಯಾಕ್ಟರಿಯಲ್ಲಿ ಗುಮಾಸ್ತರು, ಕಾಗದ ಅಂದರೆ ಪ್ರಾಣ. ಪತ್ರದ ಕರಡನ್ನು ಎರಡು ಸಲ ಓದಿ, ಒಂದು ಕಡೆ ಕಾಮಾ ಹಾಕಿಸಿ, ಮೂರನೇ ಸಲ ಬೆಳಕಿಗೆ ಹಿಡಿದು ನೋಡಿದರು. ಪಾಲಿನ ಮಾತು ಎತ್ತುತ್ತಾರೇನೋ ಅಂತ ಇವರ ಟವೆಲ್ ಬೆವರಿಗೆ ಒದ್ದೆಯಾಯಿತು. ಕೊನೆಗೆ ಅವರು ಕೇಳಿದ್ದು, ಕಾಂಪ್ಲೆಕ್ಸಿನ ಕಲ್ಲಿನ ಮೇಲೆ ಅಳಿಯಂದಿರ ಹೆಸರೂ ಕೆತ್ತಿಸಬೇಕು, ಅದರಲ್ಲಿ ನನ್ನದು ಮೇಲೆ ಬರಬೇಕು ಅಂತ. ಇವರು ಹಾಗೇ ಆಗಲಿ ಭಾವ ಎಂದು ಕೈಹಿಡಿದುಕೊಂಡರು. ನಾದಿನಿ ಸೀರೆ ಬಿಚ್ಚಿ ನೋಡುತ್ತಾ ಒಳಗೆ ಹೋದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮೂರನೆಯದು ನಾಗಮಂಗಲ. ಚಿಕ್ಕ ನಾದಿನಿಯ ಗಂಡ ನಾಗಮಂಗಲಕ್ಕೂ ನಮ್ಮೂರಿಗೂ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಅವಳು ಮದುವೆಗೆ ಕೊಟ್ಟಿದ್ದ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಮನೆಯಲ್ಲಿ ಬೆಳಕಿಲ್ಲ ಅಂತ ರೇಷನ್ ಅಂಗಡಿಯ ಜಗಲಿಯ ಮೇಲೆ ಕೂರುತ್ತಿದ್ದಳು. ಅಕ್ಕಿ ಮೂಟೆ ಬಂದ ದಿನ ಮಿಷನ್ ಎತ್ತಿಕೊಂಡು ಎದ್ದುಹೋಗಬೇಕು. ನಾವು ಹೋದ ದಿನ ಮೂಟೆ ಬಂದಿತ್ತು. ಅವಳು ಮಿಷನ್ನಿನ ಒಂದು ಕಡೆ, ನಾನು ಇನ್ನೊಂದು ಕಡೆ ಹಿಡಿದು ಮನೆಗೆ ಸಾಗಿಸಿದೆವು. ಇವರು ಸೀರೆಯ ಡಬ್ಬ ಹಿಡಿದು ಹಿಂದೆ ಬಂದರು. ಅವಳು ಸೀರೆ ಈಸಿಕೊಂಡು ಎರಡು ಪ್ರಶ್ನೆ ಕೇಳಿದಳು. ಎಷ್ಟು ಮಳಿಗೆ ಕಟ್ಟುತ್ತೀಯ ಅಣ್ಣಯ್ಯ, ಮೂಲೆ ಮಳಿಗೆ ಯಾರಿಗೆ ಅಂತ. ಇವರು ನಕ್ಕು, ಅದು ವ್ಯಾಪಾರದ ಮಾತು ಬುಡವ್ವ ಎಂದರು. ಸರಿ, ನೋಡಾಣ ಎಂದಳು. ದಾರಿಯಲ್ಲಿ ಇವರು ಮೂರೂ ಕೆಲಸ ಮುಗೀತು ಎಂದು ಟವೆಲ್ ಕೊಡವಿದರು. ಎರಡು ಮುಗಿದಿದೆ ಎಂದೆ. ನನ್ನ ಮಾತು ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲವಂತೆ.

ರಿಜಿಸ್ಟ್ರೇಷನ್ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಪಡಸಾಲೆಯಲ್ಲಿ ಎಲ್ಲರೂ ಸೇರಬೇಕಿತ್ತು. ಶ್ರೀರಂಗಪಟ್ಟಣದ ಅಕ್ಕ ಹೊಸ ಸೀರೆ ಉಟ್ಟು ಬಂದಿದ್ದರು. ಹಿಂದೆಯೇ ಪಾಂಡವಪುರದವಳು ಅದೇ ಸೀರೆ ಉಟ್ಟು ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡರು. ನೇರಳೆ, ಹಳದಿ, ನಮ್ಮ ಶಾಲೆಯ ಮಕ್ಕಳ ಯೂನಿಫಾರಂ ಹಾಗೆ. ಪತ್ರ ಬರೆಯುವವನು ತಲೆಯೆತ್ತಿ, ನೀವು ಮಹಿಳಾ ಸಂಘದವರಾ ಅಂತ ಕೇಳಿದ. ಅಕ್ಕ ಇವರ ಕಡೆ ನೋಡಿದ ನೋಟಕ್ಕೆ ಇವರು ಪಡಸಾಲೆಯ ಕಂಬದ ಹಿಂದೆ ಸರಿದರು.

ಆಮೇಲೆ ಚಿಕ್ಕವಳು ಬಂದಳು. ದಿನಾ ಉಡುವ ಸೀರೆ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯುವುದು ಮರೆತಿದ್ದಳು. ಕೈಯಲ್ಲಿ ಸೀರೆಯ ಡಬ್ಬ. ನೇರ ಬಂದು ಅದನ್ನು ಇವರ ಕೈಗೆ ಕೊಟ್ಟಳು.

“ಅಣ್ಣಯ್ಯ, ಸೀರೆ ಚೆಂದಾಗದೆ. ನಾನು ಮಡಿಕೆ ಬಿಚ್ಚಿಲ್ಲ, ವಾಪಸ್ ಕೊಟ್ರೆ ಅಂಗ್ಡಿಯವ್ನು ತಕ್ಕೋತಾನೆ. ನಂಗೆ ಮೂಲೆ ಮಳಿಗೆ ಕೊಡು. ಬೀಗದ ಕೈ ನನ್ ಸೊಂಟದಲ್ಲಿರ್ಬೇಕು.”

ಇವರು ಅವಳನ್ನು ಕಂಬದ ಹಿಂದಕ್ಕೆ ಕರೆದರು. ಅವಳು ಬರಲಿಲ್ಲ.

“ಅದು ಆಗ್ಲೇ ಬೇರೆಯವ್ರಿಗೆ ಮಾತು ಕೊಟ್ಬುಟ್ಟಿವ್ನಿ ಕಣವ್ವ,” ಎಂದರು ಇವರು.

“ಅವ್ರು ನಿನ್ ಜೊತೆ ಹುಟ್ಟಿದ್ರಾ?”

ಪಡಸಾಲೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಪತ್ರ ಬಿಟ್ಟು ಈ ಕಡೆ ತಿರುಗಿದ್ದರು. ಪಾಂಡವಪುರದ ಭಾವ ಕನ್ನಡಕ ಸರಿ ಮಾಡಿಕೊಂಡು, ಹಾಗೆ ಷರತ್ತು ಹಾಕುವ ಹಾಗಿಲ್ಲ ಎಂದು ಕಾನೂನು ಶುರು ಮಾಡಿದರು. ಕಲ್ಲಿನ ಮೇಲಿನ ಹೆಸರು ಷರತ್ತಲ್ಲವಾ ಭಾವ ಎಂದು ಅವಳು ಕೇಳಿದ ಮೇಲೆ ಕಾನೂನು ಅಲ್ಲಿಗೇ ನಿಂತಿತು. ಅವಳು ಗಂಡನ ಬಸ್ಸು ಹೊರಡುವ ಹೊತ್ತಾಯಿತು ಅಂತ ಹೊರಟುಹೋದಳು. ಅಕ್ಕನೂ ಪಾಂಡವಪುರದವಳೂ ಪಡಸಾಲೆಯ ಬೆಂಚಿನ ಮೇಲೆ ಕೂತುಬಿಟ್ಟರು. ಅದೇ ಬೆಂಚಿನ ಮೇಲೆ ಕೂತು ನಾನು ನಮ್ಮಣ್ಣನ ಪತ್ರಕ್ಕೆ ಸಹಿ ಹಾಕಿದ್ದೆ. ಮೂವರೂ ಸಹಿ ಹಾಕದಿದ್ದರೆ ಪತ್ರಕ್ಕೆ ಬೆಲೆಯಿಲ್ಲ ಅಂದಮೇಲೆ ಆ ದಿನ ಎಲ್ಲರೂ ಹೋಟೆಲಿನಲ್ಲಿ ದೋಸೆ ತಿಂದು ವಾಪಸ್ಸಾದೆವು. ದೋಸೆಯ ದುಡ್ಡನ್ನೂ ಬಸ್ ಚಾರ್ಜನ್ನೂ ಇವರೇ ಕೊಟ್ಟರು.

ಮುಂದಿನ ಎರಡು ತಿಂಗಳು ಇವರ ಪಾಡು ನೋಡುವಂತಿರಲಿಲ್ಲ. ಬಿಸಿತುಪ್ಪ, ಉಗುಳುವ ಹಾಗಿಲ್ಲ ನುಂಗುವ ಹಾಗಿಲ್ಲ. ತಂಗಿಗೆ ಮೂಲೆ ಕೊಟ್ಟರೆ ಐದು ಜನ ಅಡ್ವಾನ್ಸ್ ವಾಪಸ್ ಕೇಳುತ್ತಾರೆ, ಕೊಡದಿದ್ದರೆ ಬ್ಯಾಂಕು ಹಣ ಕೊಡುವುದಿಲ್ಲ. ಪಿಲ್ಲರುಗಳ ಕಂಬಿ ತುಕ್ಕು ಹಿಡಿದು ಕೆಂಪಾಯಿತು. ಯಾರೋ ಅವುಗಳಿಗೆ ಮೇಕೆ ಕಟ್ಟಲು ಶುರು ಮಾಡಿದರು, ಇನ್ನಾರೋ ಬಟ್ಟೆ ಒಣಹಾಕಿದರು. ಬಸ್ಸಿಳಿದವರಂತೂ ಮೊದಲಿನ ಹಾಗೇ ಭೇಟಿ ನೀಡುತ್ತಿದ್ದರು, ಈಗ ಮರೆಗೆ ಪಿಲ್ಲರ್ ಬೇರೆ ಸಿಕ್ಕಿತ್ತು. ಅಡ್ವಾನ್ಸ್ ಕೊಟ್ಟವರು ದಿನಕ್ಕೊಬ್ಬರಂತೆ ಗೊಬ್ಬರದ ಅಂಗಡಿಗೆ ಬಂದು ಮೋಲ್ಡು ಯಾವಾಗ ಅಂತ ವಿಚಾರಿಸುತ್ತಿದ್ದರು. ಇವರು ಯೂರಿಯಾ ಮೂಟೆಯ ಹಿಂದೆ ಕೂತು ವ್ಯಾಪಾರ ಮಾಡುವುದನ್ನು ಕಲಿತರು.

ತಂಗಿಯ ಮನೆಗೆ ಭಾವಂದಿರನ್ನು ಕಳಿಸಿದರು, ದೊಡ್ಡಕ್ಕನನ್ನು ಕಳಿಸಿದರು. ಈ ಸಲ ಗೌರಿ ಹಬ್ಬಕ್ಕೆ ಬಾಗಿನ ಬರೋದಿಲ್ಲ ಅಂತ ಹೇಳಿ ಕಳಿಸಿದರು. ಅವಳ ಗಂಡ, ಬಸ್ಸಿನಲ್ಲಿ ಟಿಕೆಟ್ ಕೊಡುವ ಹಾಗೆ, ನಮ್ಮ ಮನೆ ಬಾಗಿಲಲ್ಲಿ ನಿಂತು ಉತ್ತರ ಒಪ್ಪಿಸಿ ಹೋಗುತ್ತಿದ್ದರು. ನಂಗೇನೂ ಗೊತ್ತಿಲ್ಲ, ಅವ್ಳು ಹೇಳಿದ್ದು ಇಷ್ಟು ಅಂತ. ಉತ್ತರ ಯಾವಾಗಲೂ ಒಂದೇ. ಪಾಲು ಬೇಡ, ಬಾಡಿಗೆ ದುಡ್ಡು ಬೇಡ, ಯಾರೂ ಏಳು ಅನ್ನದ ಒಂದು ಜಾಗ ಬೇಕು. ಬೆಳಿಗ್ಗೆ ಗಂಡನ ಬಸ್ಸಲ್ಲಿ ಬಂದು ಹೊಲಿದು ಸಂಜೆ ಅದೇ ಬಸ್ಸಲ್ಲಿ ಹೋಗುತ್ತೇನೆ.

ಕೊನೆಗೆ ಮ್ಯಾನೇಜರೇ ದಾರಿ ತೋರಿಸಿದರು. ಹಠ ಯಾಕೆ ಮಾರಾಯ್ರೆ, ಆ ಒಂದು ಮಳಿಗೆ ತಂಗಿಯ ಪಾಲು ಎಂದು ಪತ್ರದಲ್ಲಿ ಬರೆಸಿ, ಅವರೂ ನಿಮ್ಮ ಜೊತೆ ಅಡಮಾನಕ್ಕೆ ಸಹಿ ಹಾಕಲಿ, ಬ್ಯಾಂಕಿಗೆ ಏನೂ ತೊಂದರೆಯಿಲ್ಲ ಎಂದರು. ಅದು ಇವರಿಗೆ ಇನ್ನೂ ಸಿಟ್ಟು ಬರಿಸಿತು. ಬೇರೆ ಊರಿನ ಬ್ಯಾಂಕಿಗೆ ಹೋಗ್ತೀನಿ, ಅಲ್ಲಿಯ ವಕೀಲರು ಇಷ್ಟೆಲ್ಲ ಅಗೆಯೋದಿಲ್ವಂತೆ, ನೀನು ಈ ಜಾಮೀನು ಫಾರಂಗೆ ಸಹಿ ಹಾಕು ಎಂದು ಅಡಿಗೆಮನೆಗೆ ಬಂದರು.

ನಾನು ಮುದ್ದೆ ತಿರುವುತ್ತಿದ್ದೆ. ಕೈಯಲ್ಲಿ ಮುದ್ದೆ ಕೋಲು. ಒಲೆಯ ಮುಂದೆ ಬೆವರುತ್ತಾ ನನಗೆ ಆ ಗಿಳಿಹಸಿರು ಸೀರೆ ನೆನಪಾಯಿತು. ನಾನು ಕೇಳಿದ್ದರೆ ನಮ್ಮಣ್ಣ ಏನು ಮಾಡುತ್ತಿದ್ದ ಅಂತ ಅಲ್ಲಿಯವರೆಗೆ ಒಂದು ದಿನವೂ ಯೋಚಿಸಿರಲಿಲ್ಲ. ಕೇಳಬಹುದು ಅನ್ನುವುದೇ ಹೊಳೆದಿರಲಿಲ್ಲ. ನನಗಿಂತ ಕಡಿಮೆ ಓದಿದ ಈ ಹುಡುಗಿಗೆ ಹೊಳೆದಿತ್ತು. ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚಿನ ಹಿಂದೆಯೇ ನನ್ನ ಮೇಲೆ ನನಗೇ ನಾಚಿಕೆಯಾಯಿತು.

“ನಾನು ಹಾಕೋದಿಲ್ಲ,” ಎಂದೆ.

“ಯಾಕೆ?”

“ಅವಳಿಗೆ ಮಳಿಗೆ ಬರೆಸಿಕೊಟ್ಟು ಬನ್ನಿ, ಆಮೇಲೆ ಹಾಕ್ತೀನಿ. ನನ್ನ ಸಹಿಯನ್ನ ಒಂದು ಸಲ ಸೀರೆಗೆ ಕೊಟ್ಟಿದ್ದು ಸಾಕು.”

ಇವರು ಫಾರಂ ಹಿಡಿದು ನಿಂತೇ ಇದ್ದರು. ನಿನಗೆ ಗಂಡ ಹೆಚ್ಚೋ ನಾದಿನಿ ಹೆಚ್ಚೋ ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಕೊಟ್ಟ ಹೆಂಗಸು ಲೋಕದಲ್ಲಿಲ್ಲ. ನಾನು ಮುದ್ದೆ ಕಟ್ಟಿ ತಟ್ಟೆಗೆ ಹಾಕಿ, ಸಾರು ಬಿಟ್ಟು ಮುಂದಿಟ್ಟೆ. ಸಿಟ್ಟಿನಲ್ಲಿ ಊಟ ಬಿಡುವ ಜಾತಿ ಇವರಲ್ಲ, ಕೂತು ಉಂಡರು. ಅರ್ಧ ಮುದ್ದೆ ಇಳಿದ ಮೇಲೆ, ಆ ಐದು ಜನಕ್ಕೆ ಏನಂತ ಹೇಳಲಿ ಎಂದು ಮೆಲ್ಲಗೆ ಕೇಳಿದರು. ಅವರ ಭಯ ತಂಗಿಯದಲ್ಲ, ಈ ಐದು ಜನರದು ಅಂತ ನನಗೆ ಆಗ ಗೊತ್ತಾಯಿತು. ಬೇಕರಿಯವರಿಗೆ ಮೂಲೆ ಕೊಟ್ಟರೆ ಮೆಡಿಕಲ್‌ನವರು ಹೊಡೆಯಲು ಬರುತ್ತಾರೆ, ಮೆಡಿಕಲ್‌ನವರಿಗೆ ಕೊಟ್ಟರೆ ಪಾತ್ರೆಯವರು. ಯಾರಿಗೆ ಕೊಟ್ಟರೂ ನಾಲ್ಕು ಜನ ವೈರಿಗಳು.

“ತಂಗಿಗೆ ಕೊಟ್ಟೆ ಅನ್ನಿ,” ಎಂದೆ. “ಯಾರು ಜಗಳಕ್ಕೆ ಬರ್ತಾರೆ ನೋಡೋಣ.”

ಮಾರನೇ ದಿನ ಟವೆಲ್ ಹೆಗಲಿಗೆ ಹಾಕಿಕೊಂಡು ಬೇಕರಿಗೆ ಹೋದರು. ಹೋಗುವಾಗ ಇದ್ದ ಮುಖವೇ ಬೇರೆ, ಬರುವಾಗ ಇದ್ದ ಮುಖವೇ ಬೇರೆ. ಬೇಕರಿಯವರು ಮೂಲೆ ಹೋಯಿತು ಅಂದಾಗ ಕೆಂಪಗಾದರಂತೆ. ತಂಗಿಗೆ ಅಂದ ಕೂಡಲೆ ಇಳಿದು, ಒಡಹುಟ್ಟಿದವಳಿಗೆ ಕೊಟ್ಟೋನ್ನ ನಾನ್ಯಾಕಪ್ಪ ಕೇಳ್ಲಿ, ಮೊದ್ಲೇ ಯೋಳಬಾರ್ದಾ ಎಂದು ಕೂರಿಸಿ, ಒಂದು ಬನ್ನು ಕೊಟ್ಟು, ಮಗ್ಗುಲಿನ ಮಳಿಗೆಗೆ ಒಪ್ಪಿಕೊಂಡರಂತೆ. ಮೆಡಿಕಲ್‌ನವರ ಹೆಂಡತಿ ಇವರನ್ನು ದೇವರಂಥ ಅಣ್ಣ ಅಂದರಂತೆ. ಐದು ಜನರೂ ಹೀಗೇ. ಮೂಲೆ ತಮಗೆ ಸಿಗದಿದ್ದರೂ ಉಳಿದ ನಾಲ್ವರಿಗೂ ಸಿಗಲಿಲ್ಲ ಅನ್ನುವ ಸಮಾಧಾನ ಅವರಿಗೆ. ಸಂಜೆ ಹೊತ್ತಿಗೆ ಇವರು ಊರಿಗೆಲ್ಲ ದೇವರಂಥ ಅಣ್ಣನಾಗಿ ಮನೆಗೆ ಬಂದರು. ತಂಗಿಗೆ ಮೂಲೆ ಕೊಡುವುದು ಮೊದಲಿಂದಲೂ ತಮ್ಮ ಮನಸ್ಸಿನಲ್ಲೇ ಇತ್ತು ಎಂದು ನನಗೂ ಹೇಳಿದರು. ಸರಿ ಎಂದೆ. ಮೂವರೂ ಪತ್ರಕ್ಕೆ ಸಹಿ ಹಾಕಿ ಮೂಲೆ ತಂಗಿಯ ಹೆಸರಿಗಾದ ದಿನ, ಮ್ಯಾನೇಜರ ಬ್ಯಾಂಕಿನ ಫಾರಂ ಈಸಿಕೊಂಡು, ಮೇಲಿಂದ ಕೆಳಗಿನವರೆಗೆ ಪೂರ್ತಿ ಓದಿ ಸಹಿ ಹಾಕಿದೆ.

ಪಾಯದ ಕಂತು ಬಂತು, ಲಿಂಟಲ್‌ದು ಬಂತು, ಮೋಲ್ಡಿಗೆ ಊರೆಲ್ಲ ಕರೆದು ಊಟ ಹಾಕಿಸಿದರು. ಪಾಂಡವಪುರದ ಭಾವನ ಹೆಸರು ಕಲ್ಲಿನ ಮೇಲೆ ಎಲ್ಲಕ್ಕಿಂತ ಮೇಲೆ ಬಂತು. ಅದರ ಮುಂದೆ ಬೇಕರಿಯವರು ತಂಪು ಪಾನೀಯದ ಫ್ರಿಜ್ಜು ತಂದಿಟ್ಟದ್ದರಿಂದ ಮತ್ತೆ ಯಾರಿಗೂ ಅದನ್ನು ಓದಲಾಗಲಿಲ್ಲ.

ಮಳಿಗೆ ತೆರೆಯುವುದಕ್ಕೆ ಒಂದು ವಾರ ಮುಂಚೆ ಚಿಕ್ಕ ನಾದಿನಿ, ಹೆಂಗಸರು ರವಿಕೆ ಹಾಕಿ ನೋಡೋಕೆ ಒಂದು ಮರೆ ಬೇಕಲ್ಲ ಅತ್ತಿಗೆ, ಹಳೇ ದುಪ್ಪಟಿ ಏನಾದರೂ ಇದ್ದರೆ ಕೊಡಿ ಎಂದು ಕೇಳಿದಳು. ನಾನು ಪೆಟ್ಟಿಗೆ ತೆಗೆದು ಗಿಳಿಹಸಿರು ಸೀರೆ ಕೊಟ್ಟೆ. ಇಷ್ಟು ಒಳ್ಳೆ ಸೀರೆನಾ ಎಂದಳು. ಕತ್ತರಿಸು ಎಂದೆ. ಅಂಚು ಕೆಳಗೆ ಬರುವ ಹಾಗೆ ಹೊಲಿದು, ಕಬ್ಬಿಣದ ಬಳೆ ಪೋಣಿಸಿ, ಮೂಲೆ ಮಳಿಗೆಯಲ್ಲಿ ಇಳಿಬಿಟ್ಟಳು. ಬೀಗದ ಕೈ ಅವಳ ಸೊಂಟದಲ್ಲಿತ್ತು, ಟೇಪು ಕೊರಳಲ್ಲಿತ್ತು.

ತೆರೆದ ದಿನ ದೊಡ್ಡಕ್ಕ ಅದೇ ನೇರಳೆ ಸೀರೆ ಉಟ್ಟು ಬಂದಿದ್ದರು. ಶಟರ್ ಮೇಲೇಳುವುದನ್ನು ನೋಡಿ ನನ್ನ ಪಕ್ಕಕ್ಕೆ ಬಂದರು.

“ನಾನು ಕೇಳಿದ್ರೂ ಕೊಡ್ತಿದ್ನೇನವ್ವ ಇವ್ನು?”

ಗೊತ್ತಿಲ್ಲಕ್ಕ ಎಂದೆ. ಅವರು ತಮ್ಮ ಸೀರೆಯ ಸೆರಗನ್ನು ಒಮ್ಮೆ ನೋಡಿಕೊಂಡು, ಕೋಸಂಬರಿ ಬಡಿಸಲು ಹೋದರು.

ನಮ್ಮಣ್ಣನೂ ಬಂದಿದ್ದ, ಸಿಂಧಘಟ್ಟದಿಂದ ಟ್ರಾಕ್ಟರಲ್ಲೇ, ಒಂದು ಬಾಳೆಗೊನೆ ಹೇರಿಕೊಂಡು. ಎಲ್ಲ ಮಳಿಗೆ ನೋಡಿ ಕೊನೆಗೆ ಮೂಲೆಗೆ ಬಂದ. ಪರದೆಯ ಮುಂದೆ ನಿಂತ. ಸೀರೆ ಅಂಗಡಿಯಲ್ಲಿ ನೋಡುವ ಹಾಗೆ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದ.

“ಇದನ್ನ ಎಲ್ಲೋ ನೋಡ್ದಂಗದೆ,” ಎಂದ.

“ನೀನೇ ಕೊಡ್ಸಿದ್ದು ಕಣಣ್ಣ, ಟ್ರಾಕ್ಟರು ತಂದ ವರ್ಷ.”

“ಉಡ್ಲೇ ಇಲ್ವಾ?”

“ಎರಡು ಸಲ ಉಟ್ಟೆ. ಉಟ್ಟಾಗೆಲ್ಲ ಕೆರೆ ಕೆಳಗಿನ ಗದ್ದೆ ನೆಪ್ಪಾಗ್ತಿತ್ತು.”

ಅಷ್ಟರಲ್ಲಿ ಪರದೆಯ ಒಳಗೆ ರವಿಕೆ ಹಾಕಿ ನೋಡುತ್ತಿದ್ದ ಹೆಂಗಸು ಯಾರದು ಅಂತ ಗದರಿದಳು. ಅಣ್ಣ ಅಂಚು ಬಿಟ್ಟು ಹೊರಗೆ ಓಡಿಬಂದ. ಊಟವಾಯಿತು, ಎಲೆಅಡಿಕೆಯಾಯಿತು. ಟ್ರಾಕ್ಟರ್ ಹತ್ತುವ ಮುಂಚೆ, ನನ್ನ ಮುಖ ನೋಡದೆ, ಈ ಸಲ ಕುಯ್ಲಾದಾಗ ನಾಲ್ಕು ಮೂಟೆ ಭತ್ತ ಕಳಿಸ್ತೀನಿ ಎಂದ. ಬೇಡ ಬಿಡಣ್ಣ ಅನ್ನುವ ಮಾತು ಅಭ್ಯಾಸಬಲದಿಂದ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಪ್ರತಿವರ್ಷ ಕಳಿಸು ಎಂದೆ. ಹೂಂ ಎಂದು ಗಾಡಿ ಶುರು ಮಾಡಿದ.

ಆ ವರ್ಷ ನಾಲ್ಕು ಮೂಟೆ ಬಂದವು, ಮಾರನೇ ವರ್ಷ ಮೂರು, ಆಮೇಲಿನ ವರ್ಷ ಮತ್ತೆ ನಾಲ್ಕು. ಪರದೆ ಮಾಸಿದೆ, ಬೇರೆ ಹಾಕೋಣವಾ ಅತ್ತಿಗೆ ಎಂದು ನಾದಿನಿ ಎರಡು ಸಲ ಕೇಳಿದಳು. ನಮ್ಮಣ್ಣ ಪೇಟೆಗೆ ಬಂದಾಗೆಲ್ಲ ಆ ಮೂಲೆ ದಾಟಿಯೇ ಹೋಗಬೇಕು, ಅದೇ ಇರಲಿ, ಒಗೆದು ಹಾಕು ಎಂದೆ.